ಕಟ್ಟು ಬಿಚ್ಚುವ ತನಕ ತಡೆದ ಇಂಜೆಕ್ಷನ್

ಜೂನ್ 4, ಬುಧವಾರ, ಬೆಳಿಗ್ಗೆ ಹತ್ತು ನಲವತ್ತು. ಶ್ರೀನಿವಾಸಪುರದ ಮಾವಿನ ಮಂಡಿಯಿಂದ ಹೊರಟ ಆಟೋ ನಮ್ಮ ಆಸ್ಪತ್ರೆಯ ಮೆಟ್ಟಿಲಿಗೆ ತಾಗುವಂತೆ ಬಂದು ನಿಂತಿತು. ಒಳಗಿದ್ದದ್ದು ಐವತ್ತರ ಆಸುಪಾಸಿನ ಹೆಂಗಸು, ಜೊತೆಗೆ ಅವರ ಅಣ್ಣ. ತುರ್ತು ವಿಭಾಗದಲ್ಲಿ ಆಗ ಡ್ಯೂಟಿಯಲ್ಲಿದ್ದ ವೈದ್ಯೆ ನಾನೊಬ್ಬಳೇ. ಎದೆನೋವೆಂದು ಬಂದವರ ದಿನಾಂಕ, ಬಂದ ಹೊತ್ತು, ಮೊದಲ ಇಸಿಜಿ ತೆಗೆದ ಹೊತ್ತು ಬರೆದಿಡುವುದು ನನ್ನ ಅಭ್ಯಾಸ. ಆ ವಾರದಲ್ಲಿ ಈಕೆ ನಾಲ್ಕನೆಯವರು. ಹಿಂದಿನ ಮೂವರಲ್ಲಿ ಒಬ್ಬರದು ಹೃದಯಾಘಾತ, ಒಬ್ಬರದು ನ್ಯುಮೋನಿಯಾ, ಇನ್ನೊಬ್ಬರದು ಏನೆಂದು ಕೊನೆಗೂ ಗೊತ್ತಾಗಿರಲಿಲ್ಲ.

ಈಕೆ ಮಂಡಿಯಲ್ಲಿ ಹಣ್ಣು ವಿಂಗಡಿಸುವವರು. ಬಾದಾಮಿ ಒಂದು ಕಡೆ, ತೋತಾಪುರಿ ಒಂದು ಕಡೆ, ಪೆಟ್ಟು ಬಿದ್ದದ್ದು ಇನ್ನೊಂದು ಕಡೆ. ಮುಖ ಬೆವರಿನಲ್ಲಿ ಮುಳುಗಿತ್ತು, ಆದರೆ ಕೈ ಮುಟ್ಟಿದರೆ ತಣ್ಣಗಿತ್ತು.

"ಎಲ್ಲಿ ನೋವಮ್ಮ?"

"ಬೆಳಿಗ್ಗೆ ಆರು ಗಂಟೇಲಿ ಕ್ರೇಟ್ ಎತ್ತಿದೆ ಡಾಕ್ಟ್ರಮ್ಮ. ಬೆನ್ನಲ್ಲಿ ಯಾರೋ ಬಟ್ಟೆ ಹರಿದಂಗಾಯ್ತು. ಆಮೇಲೆ ಸ್ವಲ್ಪ ತಗ್ತು. ಈಗ ಮುಂದಕ್ಕೆ ಬಂದೈತೆ. ದವಡೆಗೂ ಬಂದೈತೆ."

"ನರ ಹಿಡ್ಕೊಂಡೈತೆ ಅಷ್ಟೇ," ಎಂದರು ಅಣ್ಣ. "ಇದರ ಜೊತೆಗೆ ಗ್ಯಾಸ್ಟ್ರಿಕ್ ಬೇರೆ. ಎರಡು ಬಾಟ್ಲು ನಿಂಬೆ ಸೋಡಾ ಕುಡಿಸಿದೀನಿ. ತೇಗು ಬಂತು, ಆದ್ರೂ ಬಿಡ್ತಾ ಇಲ್ಲ."

ಇಸಿಜಿ ತೆಗೆಯಲು ಸಿಸ್ಟರ್ ಸೆರಗು ಸರಿಸಿದರು. ಸರಿಸಿದವರು ನನ್ನ ಕಡೆ ನೋಡಿದರು. ಕಂಕುಳಿನಿಂದ ಪಕ್ಕೆಲುಬಿನ ಕೆಳಗಿನ ತನಕ, ಎದೆ ಬೆನ್ನು ಸುತ್ತಿ ಬಿಗಿದ ಕಟ್ಟು. ಬಟ್ಟೆಯ ಮೇಲೆ ಬಟ್ಟೆ, ನಡುವೆ ಮೊಟ್ಟೆಯ ಬಿಳಿಯಲ್ಲಿ ಕಲಸಿದ ಉದ್ದಿನ ಹಿಟ್ಟು ಮತ್ತು ಯಾವುದೋ ಸೊಪ್ಪಿನ ರಸ, ಬೆನ್ನಿಗೆ ಬಿದಿರಿನ ಸೀಳುಗಳು. ಮೂರೂವರೆ ಗಂಟೆಯಲ್ಲಿ ಅದು ಹಲಗೆಯಷ್ಟು ಗಟ್ಟಿಯಾಗಿತ್ತು. ಕಟ್ಟಿದವರು ಈ ಅಣ್ಣನೇ. ಮುರಿದ ಮೂಳೆಗೆ, ಉಳುಕಿಗೆ ಕಟ್ಟು ಹಾಕುವುದು ಅವರ ಮನೆಯ ಕೆಲಸ. ಮುಳಬಾಗಿಲು, ನಂಗಲಿ ಕಡೆಯಿಂದಲೂ ಜನ ಅವರ ಹತ್ತಿರ ಬರುತ್ತಾರೆ.

ಎದೆಯ ಮೇಲೆ ಅಂಟಿಸಬೇಕಾದ ಆರು ತಂತಿಗಳಿಗೆ ಜಾಗವೇ ಇರಲಿಲ್ಲ. ಕೈಕಾಲಿನವನ್ನಷ್ಟೇ ಹಾಕಿ ಇಸಿಜಿ ತೆಗೆದೆವು. ಹೃದಯದ ಕೆಳಭಾಗವನ್ನು ತೋರಿಸುವ ಮೂರು ಗೆರೆಗಳು ಮೇಲಕ್ಕೆದ್ದಿದ್ದವು. ಪುಸ್ತಕದಲ್ಲಿರುವ ಹೃದಯಾಘಾತ. ಆಸ್ಪಿರಿನ್ ಅಗಿಯಲು ಕೊಟ್ಟೆ. ಇಸಿಜಿಯ ಫೋಟೋ ತೆಗೆದು, ಇಂಥ ಹೊತ್ತಿನಲ್ಲಿ ನಾವು ಸಲಹೆ ಕೇಳುವ ಬೆಂಗಳೂರಿನ ಹೃದ್ರೋಗ ತಜ್ಞರಿಗೆ ಕಳಿಸಿದೆ. ಎರಡು ನಿಮಿಷದಲ್ಲಿ ಅವರೇ ಫೋನ್ ಮಾಡಿದರು.

"ಸ್ಪಷ್ಟವಾಗಿದೆಯಲ್ಲ ಡಾಕ್ಟರ್. ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್ ಇದೆಯಾ ನಿಮ್ಮಲ್ಲಿ?"

"ಇದೆ ಸರ್."

"ಕೊಟ್ಟು ಕಳಿಸಿ. ತಡ ಮಾಡಬೇಡಿ."

ಸಿಸ್ಟರ್ ಇಂಜೆಕ್ಷನ್ ಡಬ್ಬಿ ತಂದು ಟ್ರೇಯಲ್ಲಿಟ್ಟರು. ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳುತ್ತ ಹೋದೆ. ಇತ್ತೀಚೆಗೆ ಆಪರೇಷನ್ ಆಗಿದೆಯೇ? ಇಲ್ಲ. ತಲೆಗೆ ಪೆಟ್ಟು? ಇಲ್ಲ. ಬಿಪಿ ಮಾತ್ರೆ? "ಸಂಕ್ರಾಂತಿ ತನಕ ತಗೊಂಡೆ, ಆಮೇಲೆ ಬಿಟ್ಟೆ." ಕೊನೆಯದು, ಎರಡೂ ತೋಳಿನ ಬಿಪಿ. ಬಲಗೈಯಲ್ಲಿ ನೂರ ಎಪ್ಪತ್ತು. ಎಡಗೈಗೆ ಪಟ್ಟಿ ಕಟ್ಟಿದೆ, ನೂರ ಇಪ್ಪತ್ತನಾಲ್ಕು. ಪಟ್ಟಿ ಸರಿಯಾಗಿ ಕೂತಿಲ್ಲವೆಂದು ಬಿಚ್ಚಿ ಮತ್ತೆ ಕಟ್ಟಿದೆ. ನೂರ ಇಪ್ಪತ್ತೆರಡು.

ಇಂಜೆಕ್ಷನ್ ಟ್ರೇಯನ್ನು ಪಕ್ಕಕ್ಕೆ ಸರಿಸಿದೆ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಒಳಪದರ ಕೆಲವೊಮ್ಮೆ ಸೀಳುತ್ತದೆ. ಆ ಸೀಳಿನೊಳಗೆ ರಕ್ತ ನುಗ್ಗಿ ಹೋದ ದಾರಿಯಲ್ಲೆಲ್ಲ ಕವಲುಗಳನ್ನು ಒತ್ತುತ್ತದೆ. ತೋಳಿನ ಕವಲನ್ನು ಒತ್ತಿದರೆ ಆ ಕೈಯ ಬಿಪಿ ಇಳಿಯುತ್ತದೆ. ಹೃದಯದ್ದೇ ಕವಲನ್ನು ಒತ್ತಿದರೆ ಇಸಿಜಿ ಹೃದಯಾಘಾತದಂತೆಯೇ ಬರುತ್ತದೆ. ಮಾಮೂಲಿ ಹೃದಯಾಘಾತವಾಗಿದ್ದರೆ ಟ್ರೇಯಲ್ಲಿದ್ದ ಇಂಜೆಕ್ಷನ್ ಆಕೆಯನ್ನು ಉಳಿಸುತ್ತಿತ್ತು. ನಾಳ ಸೀಳಿದ್ದರೆ ಅದೇ ಇಂಜೆಕ್ಷನ್ ಕೊಲ್ಲುತ್ತಿತ್ತು. ಎರಡರಲ್ಲಿ ಯಾವುದೆಂದು ಹೇಳಲು ಒಳಗೆ ನೋಡಬೇಕು. ನೋಡುವ ಜಾಗದ ಮೇಲೆ ಕಟ್ಟು.

ತಜ್ಞರಿಗೆ ಮತ್ತೆ ಫೋನ್ ಮಾಡಿದೆ. ಎರಡು ಕೈಗಳ ಬಿಪಿ ಹೇಳಿದೆ.

"ವಯಸ್ಸಾದವರಲ್ಲಿ ಹತ್ತಿಪ್ಪತ್ತು ವ್ಯತ್ಯಾಸ ಇರುತ್ತೆ. ಇದು ಜಾಸ್ತಿನೇ. ಹೃದಯದ ಸ್ಕ್ಯಾನ್, ಎಕೋ ಮಾಡೋರು ಇದಾರಾ ಅಲ್ಲಿ?"

"ಇಲ್ಲ ಸರ್. ಹೊಟ್ಟೆ ಸ್ಕ್ಯಾನ್ ಮಿಷನ್ ಇದೆ. ನಾನೇ ಇಟ್ಟು ನೋಡ್ತೀನಿ."

"ಎಷ್ಟು ಹೊತ್ತು ಬೇಕು?"

"ಹತ್ತು ನಿಮಿಷ."

"ತಗೊಳ್ಳಿ. ಆಮೇಲೂ ಗೊತ್ತಾಗದಿದ್ದರೆ ಕೊಡಲೇಬೇಕಾಗುತ್ತೆ, ನೆನಪಿರಲಿ. ಅಷ್ಟು ಹೊತ್ತು ಹೃದಯದ ಸ್ನಾಯು ಸಾಯ್ತಾ ಇರುತ್ತೆ."

ಮಲಗಿದ್ದಲ್ಲೇ ಒಂದು ಎಕ್ಸ್‌ರೇ ತೆಗೆಸಿದೆ. ಎದೆಯ ನಡುಭಾಗ ಅಗಲವಾಗಿ ಕಂಡಿತು. ಆದರೆ ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಯಾರದಾದರೂ ಅಗಲವಾಗಿಯೇ ಕಾಣುತ್ತದೆ. ಮೇಲಾಗಿ ಬಿದಿರು ಸೀಳುಗಳ ನೆರಳು ಗೀಟುಗೀಟಾಗಿ ಬಿದ್ದಿತ್ತು. ಆ ಚಿತ್ರದಿಂದ ನನಗೆ ಸಿಕ್ಕಿದ್ದು ಭಯ ಮಾತ್ರ.

ನಮ್ಮ ಸ್ಕ್ಯಾನ್ ಮಿಷನ್ ಒಂದು ಕೋಣೆಗೆಂದೇ ನೋಂದಣಿಯಾದದ್ದು. ಭ್ರೂಣದ ಲಿಂಗ ನೋಡುವುದನ್ನು ತಡೆಯಲು ಇರುವ ಕಾನೂನಿನಂತೆ ಅದನ್ನು ಬೇಕೆಂದಲ್ಲಿಗೆ ತಳ್ಳಿಕೊಂಡು ಹೋಗುವಂತಿಲ್ಲ. ರೋಗಿಯನ್ನೇ ಅಲ್ಲಿಗೆ ಒಯ್ಯಬೇಕು. ಬುಧವಾರ ಗರ್ಭಿಣಿಯರ ಸ್ಕ್ಯಾನ್ ದಿನ. ಓಣಿಯ ತುಂಬ ಬೆಂಚು, ಬೆಂಚಿನ ತುಂಬ ಹೆಂಗಸರು. ಟ್ರಾಲಿ ನುಗ್ಗುವಾಗ ತುಂಬು ಬಸುರಿಯೊಬ್ಬಳು ಎದ್ದು ಗೋಡೆಗೆ ಒತ್ತಿ ನಿಂತು ಜಾಗ ಬಿಟ್ಟಳು. ಆಕೆಯ ಹಿಂದಿದ್ದ ಅತ್ತೆ ಮಾತ್ರ, "ನಾವು ಎಂಟು ಗಂಟೆಯಿಂದ ಕೂತಿದೀವಿ, ಇವ್ರಿಗೇನು ಸ್ಪೆಷಲ್ಲು?" ಎಂದರು. ಬಸುರಿ ತಿರುಗಿ, "ನೀವು ಸುಮ್ನಿರಿ ಅತ್ತೆ, ಆಯಮ್ಮನ ಮುಖ ನೋಡಿ," ಅಂದಳು.

ಕಟ್ಟು ಮುಟ್ಟದೆ ನೋಡಲು ಎರಡು ದಾರಿಗಳಿದ್ದವು. ಮೊದಲನೆಯದು ಎದೆಗೂಡಿನ ಕೆಳಗೆ, ಹೊಟ್ಟೆಯ ಮೇಲಿಂದ. ಜೆಲ್ ಹಚ್ಚಿ, ಮಿಷನ್ನಿನಿಂದ ಮೈಗೆ ಒತ್ತಿ ಹಿಡಿಯುವ ಪ್ರೋಬ್ ಇಟ್ಟು ಒತ್ತಿದೆ. ಪರದೆಯಲ್ಲಿ ಬರೀ ಬೂದು ಮಂಜು. ಹೊಟ್ಟೆಯಲ್ಲಿ ಗಾಳಿ ತುಂಬಿದ್ದರೆ ಶಬ್ದದ ಅಲೆ ದಾಟುವುದಿಲ್ಲ, ಮತ್ತು ಆ ಹೊಟ್ಟೆಯಲ್ಲಿ ಎರಡು ಬಾಟಲಿ ಸೋಡಾ ಇತ್ತು. ಎರಡನೆಯದು ಕತ್ತಿನ ಕೆಳಗಿನ ಗುಳಿಯಿಂದ. ಹೊಟ್ಟೆ ನೋಡಲೆಂದು ಮಾಡಿದ ನಮ್ಮ ಪ್ರೋಬ್ ದಪ್ಪ, ಡೊಂಕು. ಆ ಗುಳಿಯಲ್ಲಿ ಅದು ಕೂರಲೇ ಇಲ್ಲ. ಒತ್ತಿದಾಗ ಆಕೆ ಕೆಮ್ಮಿದರು.

ಉಳಿದದ್ದು ಎದೆಮೂಳೆಯ ಎಡಪಕ್ಕ. ದಪ್ಪ ಕತ್ತರಿ ಕೇಳಿದೆ. ಸಿಸ್ಟರ್ ಕಟ್ಟಿನಡಿಗೆ ಕತ್ತರಿ ತೂರಿಸಲು ನೋಡಿದರು. ಹಿಟ್ಟು ಚರ್ಮಕ್ಕೇ ಕಚ್ಚಿತ್ತು. ಆಕೆ ಚೀರಿದರು. ಮಾನಿಟರಿನಲ್ಲಿ ಬಿಪಿ ನೂರ ಎಂಬತ್ತು ದಾಟಿತು. ನಾಳ ಸೀಳಿದ್ದರೆ ಏರಬಾರದ್ದೇ ಬಿಪಿ. ಅದನ್ನು ಏರಿಸುತ್ತಿದ್ದವರು ನಾವು. ನಿಲ್ಲಿಸಲು ಹೇಳಿದೆ.

ಅಣ್ಣ ಬಾಗಿಲಲ್ಲೇ ನಿಂತಿದ್ದರು. "ಅದನ್ನ ಹಂಗೆಲ್ಲ ಕಿತ್ತರೆ ಬರಲ್ಲ ಮೇಡಂ. ಕಟ್ಟಿದ ಕೈಯೇ ಬಿಚ್ಚಬೇಕು. ಅದೂ ಮೂರನೇ ದಿನ. ನಡುವೆ ಬಿಚ್ಚಿದ್ರೆ ಹಿಡಿದಿದ್ದು ಇನ್ನೂ ಜಾಸ್ತಿ ಹಿಡಿಯುತ್ತೆ. ನಮ್ಮ ತಂದೆ ಕಾಲದಿಂದ ಒಂದು ಕಟ್ಟನ್ನೂ ನಡುವೆ ಬಿಚ್ಚಿಲ್ಲ."

"ನೋವು ಮಾಂಸದ್ದಲ್ಲ, ಒಳಗಿನ ರಕ್ತನಾಳದ್ದಿರಬಹುದು. ನಾನು ನೋಡಲೇಬೇಕು."

"ಇರಬಹುದು ಅಂತೀರ. ಗ್ಯಾರಂಟಿ ಇಲ್ಲ ಅಂದ್ರೆ ಯಾಕೆ ಬಿಚ್ಚಬೇಕು?"

ಗ್ಯಾರಂಟಿ ಇದ್ದಿದ್ದರೆ ನೋಡುವ ಅಗತ್ಯವೇ ಇರುತ್ತಿರಲಿಲ್ಲ. ಗೋಡೆ ಗಡಿಯಾರ ನೋಡಿದೆ. ಕೇಳಿಕೊಂಡ ಹತ್ತು ನಿಮಿಷದಲ್ಲಿ ಏಳು ಆಗಿತ್ತು. ಕಟ್ಟು ಬಿಚ್ಚದಿದ್ದರೆ ಎರಡೇ ದಾರಿ: ಕುರುಡಾಗಿ ಇಂಜೆಕ್ಷನ್ ಕೊಡುವುದು, ಅಥವಾ ಕೊಡದೆ ಕೋಲಾರಕ್ಕೆ ಸಿಟಿ ಸ್ಕ್ಯಾನಿಗೆ ಕಳಿಸುವುದು. ಮೊದಲನೆಯದು ತಪ್ಪಾದರೆ ಸಾವು. ಎರಡನೆಯದು ತಪ್ಪಾದರೆ ದಾರಿಯ ಮುಕ್ಕಾಲು ಗಂಟೆಯೂ ಹೃದಯದ ಸ್ನಾಯು ಸಾಯುತ್ತಿರುತ್ತದೆ.

"ಪೂರ್ತಿ ಬೇಡ," ಎಂದೆ. "ಇಲ್ಲಿ, ಎಡಕ್ಕೆ, ಒಂದು ಅಂಗೈ ಅಗಲ ತೆರೆದುಕೊಡಿ. ಬೆನ್ನಿನ ಬಿದಿರು ಹಂಗೇ ಇರಲಿ. ನೀವೇ ಬಿಚ್ಚಿ."

ಅವರು ತಲೆ ಅಲ್ಲಾಡಿಸಿದರು, ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ. ಆಗ ಟ್ರಾಲಿಯ ಮೇಲಿಂದ ಆಕೆ ಅಣ್ಣನ ಕಡೆ ಕತ್ತು ತಿರುಗಿಸಿದರು.

"ಒರೇ ಅಣ್ಣಾ, ಕಟ್ಟೋವಾಗ ನನ್ನ ಕೇಳಿದ್ಯಾ? ಹಿಡಿದು ಸುತ್ಕೊಂಡು ಹೋದೆ. ಬಿಚ್ಚೋಕೆ ಪಂಚಾಂಗ ನೋಡ್ತಾ ಇದೀಯಾ? ನಾನು ಸತ್ತ ಮೇಲೆ ಮೂರನೇ ದಿನ ಬಿಚ್ಚು ಹೋಗು."

"ಬಾಯಿ ಮುಚ್ಚೇ," ಎಂದರು ಅಣ್ಣ. ಹಾಗೆನ್ನುತ್ತಲೇ ತೋಳು ಮಡಚಿದರು. "ಬಿಸಿ ನೀರು ಕೊಡಿ ಸಿಸ್ಟರ್. ಸುಡಬಾರ್ದು, ಬೆಚ್ಚಗಿರಬೇಕು. ಇದ್ರೆ ಎಳ್ಳೆಣ್ಣೆ."

ಎಳ್ಳೆಣ್ಣೆ ಇರಲಿಲ್ಲ. ಓಣಿಯಲ್ಲಿ ಕೂತಿದ್ದ ಒಬ್ಬರ ಚೀಲದಿಂದ ಕೊಬ್ಬರಿ ಎಣ್ಣೆ ಬಂತು. ಅಣ್ಣ ಕಟ್ಟಿನ ಅಂಚನ್ನು ನೆನೆಸಿ, ಉಗುರಿನಿಂದ ಎಬ್ಬಿಸಿ, ಸುರುಳಿ ಸುತ್ತುತ್ತ ಬಂದರು. ಆಕೆ ಈ ಸಲ ಚೀರಲಿಲ್ಲ. ಆ ಹೊತ್ತಿನಲ್ಲೇ ನೋವು ಇಳಿಸುವ ಬೇರೆ ಇಂಜೆಕ್ಷನ್ ಕೊಟ್ಟೆ. ತಜ್ಞರ ಫೋನ್ ಬಂತು. "ಇನ್ನೂ ನೋಡಿಲ್ಲ ಸರ್, ತೆರೀತಾ ಇದೀವಿ," ಎಂದೆ. ಏನನ್ನು ತೆರೆಯುತ್ತಿದ್ದೇವೆಂದು ಅವರಿಗೆ ಅರ್ಥವಾಗಿರಲಾರದು. "ಹತ್ತು ನಿಮಿಷ ಆಯ್ತು ಡಾಕ್ಟರ್," ಎಂದಷ್ಟೇ ಹೇಳಿ ಲೈನಿನಲ್ಲೇ ಉಳಿದರು. ಫೋನನ್ನು ಸ್ಪೀಕರಿಗೆ ಹಾಕಿ ಮಿಷನ್ನಿನ ಮೇಲಿಟ್ಟೆ.

ಅಂಗೈ ಅಗಲದ ಚರ್ಮ ಕಂಡಿತು, ಹಸಿರು ಬಣ್ಣ ಮೆತ್ತಿಕೊಂಡಿತ್ತು. ಒರೆಸಿ, ಜೆಲ್ ಹಚ್ಚಿ, ಆಕೆಯನ್ನು ಎಡಕ್ಕೆ ವಾಲಿಸಿ ಪ್ರೋಬ್ ಇಟ್ಟೆ. ಡೊಂಕು ಪ್ರೋಬಿಗೆ ಪಕ್ಕೆಲುಬಿನ ಸಂದು ಸಾಲುವುದಿಲ್ಲ. ಎರಡು ಕಡೆ ಕಪ್ಪು ನೆರಳು, ನಡುವೆ ಸಣ್ಣ ಸೀಳಿನಷ್ಟು ಚಿತ್ರ. ಉಸಿರು ಬಿಟ್ಟು ಹಿಡಿಯಲು ಹೇಳಿದಾಗ ಹೃದಯ ಹತ್ತಿರ ಬಂದಂತೆ ಕಂಡಿತು. ದೊಡ್ಡ ನಾಳದ ಬುಡ ಸಿಕ್ಕಿತು. ಅಳತೆ ಹಾಕಿದೆ. ನಾಲ್ಕು ಸೆಂಟಿಮೀಟರ್ ಒಳಗಿರಬೇಕಾದದ್ದು ನಾಲ್ಕೂವರೆ ದಾಟಿತ್ತು. ಅದರೊಳಗೆ ಒಂದು ಗೆರೆ. ತೆಳ್ಳಗೆ, ನೀರಿನಲ್ಲಿ ದಾರ ಆಡಿದ ಹಾಗೆ.

"ಗೆರೆ ಕಾಣ್ತಿದೆ ಸರ್."

"ಮಿಷನ್‌ದೇ ಗೆರೆ ಇರಬಹುದು. ಹಳೇ ಮಿಷನ್ನುಗಳಲ್ಲಿ ಬರುತ್ತೆ. ತಿರುಗಿಸಿ ನೋಡಿ."

ಪ್ರೋಬನ್ನು ಅಡ್ಡಕ್ಕೆ ತಿರುಗಿಸಿದೆ. ಗೆರೆ ಹೋಗಲಿಲ್ಲ. ನನ್ನ ಕೈ ಅಲುಗಿದಾಗ ಅಲುಗಲಿಲ್ಲ, ಹೃದಯ ಬಡಿದಾಗ ಅಲುಗಿತು. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಗುಂಡಿ ಒತ್ತಿದೆ. ಗೆರೆಯ ಒಂದು ಪಕ್ಕ ಬಣ್ಣ ತುಂಬಿತು, ಇನ್ನೊಂದು ಪಕ್ಕ ಖಾಲಿ ಉಳಿಯಿತು. ಅದು ಸೀಳಿದ ಒಳಪದರವೇ. ಹೃದಯದ ಹಿಂದೆ ಕಪ್ಪಗೆ ಸಣ್ಣ ಪಟ್ಟಿ. ಸುತ್ತ ದ್ರವ ಸೇರತೊಡಗಿತ್ತು. ಸಿಸ್ಟರ್ ಮೊಬೈಲಿನಲ್ಲಿ ಪರದೆಯ ವಿಡಿಯೋ ತೆಗೆದು ಕಳಿಸಿದರು.

ಆ ಕಡೆಯಿಂದ ಉತ್ತರ ಬರುವ ತನಕ ನಾನು ಕೋಣೆಯಲ್ಲಿ ಎರಡು ಸಲ ಗೋಡೆಯಿಂದ ಗೋಡೆಗೆ ನಡೆದೆ. ಕೊನೆಗೆ ತಜ್ಞರು ಹೇಳಿದರು, "ಆ ಇಂಜೆಕ್ಷನ್ ಕೊಡಬೇಡಿ. ರಕ್ತ ತೆಳು ಮಾಡೋ ಹೆಪರಿನ್ನೂ ಬೇಡ. ನಾಡಿ ಅರವತ್ತಕ್ಕೆ, ಬಿಪಿ ನೂರ ಇಪ್ಪತ್ತಕ್ಕೆ ಇಳಿಸಿ. ಕೋಲಾರದಲ್ಲಿ ಸಿಟಿ ಮಾಡಿಸಿ, ನೇರ ಇಲ್ಲಿಗೆ ತನ್ನಿ. ಆಪರೇಷನ್ ಥಿಯೇಟರಿಗೆ ನಾನು ಹೇಳಿಡ್ತೀನಿ."

ಹೆರಿಗೆ ವೈದ್ಯೆ ತುರ್ತು ವಿಭಾಗ ನೋಡಿಕೊಳ್ಳಲು ಒಪ್ಪಿದ್ದರಿಂದ ನಾನೇ ಆಂಬುಲೆನ್ಸ್ ಹತ್ತಿದೆ. ಮಾವಿನ ಲಾರಿಗಳು ರಸ್ತೆಯ ಅರ್ಧ ಹಿಡಿದು ನಿಂತಿದ್ದವು. ನಾಡಿ ಇಳಿಸುವ ಔಷಧಿಯನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತ, ಪ್ರತಿ ಐದು ನಿಮಿಷಕ್ಕೆ ಬಲಗೈ ಬಿಪಿ ಬರೆಯುತ್ತ ಹೋದೆ. ನೂರ ಐವತ್ತು. ನೂರ ನಲವತ್ತು. ಅಣ್ಣ ತಂಗಿಯ ಕಾಲ ಹತ್ತಿರ ಕೂತಿದ್ದರು. ಕೈಯ ಹಸಿರು ಒಣಗಿ ಬಿರುಕು ಬಿಟ್ಟಿತ್ತು.

"ನಾನು ಬಿಗಿದಿದ್ದಕ್ಕೇ ಹರೀತಾ?" ಎಂದು ಕೇಳಿದರು. ದನಿ ಆಂಬುಲೆನ್ಸಿನ ಸದ್ದಿನಲ್ಲಿ ಕೇಳಿಸುವಷ್ಟೇ ಇತ್ತು.

"ಇಲ್ಲ. ಬೆಳಿಗ್ಗೆ ಆರಕ್ಕೇ ಹರಿದಿತ್ತು. ಬಿಪಿ ಮಾತ್ರೆ ಬಿಟ್ಟಿದ್ದು ಕಾರಣ ಇರಬಹುದು."

"ಅದನ್ನ ಬಿಡು ಅಂದಿದ್ದು ನಾನಲ್ಲ," ಎಂದರು. ತಂಗಿ ಕಣ್ಣು ಮುಚ್ಚಿಕೊಂಡೇ, "ಹೌದು, ನೀನಲ್ಲ, ಈಗಲಾದ್ರೂ ಸುಮ್ನಿರು," ಅಂದರು.

ಕೋಲಾರದ ಸ್ಕ್ಯಾನ್ ಸೆಂಟರಿನಲ್ಲಿ ಮತ್ತೆ ತಡೆ. ನಾಳಕ್ಕೆ ಬಣ್ಣದ ಔಷಧಿ ಬಿಟ್ಟು ತೆಗೆಯುವ ಸಿಟಿಗೆ ಮೂತ್ರಪಿಂಡದ ರಕ್ತಪರೀಕ್ಷೆಯ ವರದಿ ಬೇಕೆಂದರು. ವರದಿಗೆ ಒಂದು ಗಂಟೆ. ಜೀವಕ್ಕೆ ಅಪಾಯವಿರುವಾಗ ಕಾಯಬೇಕಾಗಿಲ್ಲವೆಂದು ನಾನು ಬರೆದು ಸಹಿ ಹಾಕಿದೆ. ಆಮೇಲೆ ಕೈಗೆ ಹಾಕಿದ್ದ ಸೂಜಿ ಸಣ್ಣದೆಂದರು. ಸೆಕೆಂಡಿಗೆ ನಾಲ್ಕು ಐದು ಎಂಎಲ್ ವೇಗದಲ್ಲಿ ಔಷಧಿ ಹೋಗಬೇಕು, ಅಂಗೈ ಹಿಂದಿನ ಸಣ್ಣ ನಾಳ ಒಡೆಯುತ್ತದೆ. ಅವರು ಹೇಳಿದ್ದು ಸರಿಯಾಗಿತ್ತು. ಬಲ ಮೊಣಕೈಯ ಒಳಗೆ ದಪ್ಪ ಸೂಜಿ ಹಾಕಲು ಎರಡು ಸಲ ಚುಚ್ಚಬೇಕಾಯಿತು. ಬೆನ್ನಿನ ಬಿದಿರು ತೆಗೆಯಬೇಕೆಂದಾಗ ಅಣ್ಣ ಯಾರನ್ನೂ ಕೇಳದೆ ಉಳಿದ ಕಟ್ಟನ್ನೂ ಬಿಚ್ಚಿದರು.

ಸಿಟಿ ಚಿತ್ರ ಮೂಡಿದಾಗ ಅನುಮಾನಕ್ಕೆ ಜಾಗವಿರಲಿಲ್ಲ. ಸೀಳು ಹೃದಯದ ಬುಡದಲ್ಲೇ ಶುರುವಾಗಿ, ಎಡತೋಳಿನ ಕವಲನ್ನು ಒತ್ತಿ, ಬೆನ್ನುಗುಂಟ ಹೊಟ್ಟೆಯ ತನಕ ಇಳಿದಿತ್ತು. ಸಂಜೆಯ ಹೊತ್ತಿಗೆ ಬೆಂಗಳೂರಿನಲ್ಲಿ ಆಪರೇಷನ್ ಶುರುವಾಯಿತು. ಬೆಳಿಗ್ಗೆ ಕೊಟ್ಟ ಆಸ್ಪಿರಿನ್‌ನಿಂದ ರಕ್ತ ನಿಲ್ಲಿಸುವುದು ಕಷ್ಟವಾಯಿತೆಂದು ಆಮೇಲೆ ತಿಳಿಯಿತು. ಜೂನ್ ಕೊನೆಗೆ ಆಕೆ ಮನೆಗೆ ಬಂದರು. ದನಿ ಒಡಕಾಗಿದೆ, ಕ್ರೇಟ್ ಎತ್ತುವ ಹಾಗಿಲ್ಲ, ಅಣ್ಣನನ್ನು ಬಯ್ಯುವುದು ನಿಂತಿಲ್ಲ.

ಕಥೆ ಅಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಜುಲೈ 18, ಶುಕ್ರವಾರ, ಮಧ್ಯಾಹ್ನ ಎರಡು ಗಂಟೆ. ನಂಗಲಿ ದಾಟಿ ಆಂಧ್ರಕ್ಕೆ ಹಣ್ಣು ಸಾಗಿಸುವ ಲಾರಿಯ ಚಾಲಕರೊಬ್ಬರು ಎದೆ ಹಿಡಿದುಕೊಂಡು ಬಂದರು. ಇಸಿಜಿಯಲ್ಲಿ ಅದೇ ಮೂರು ಗೆರೆಗಳು ಮೇಲಕ್ಕೆದ್ದಿದ್ದವು. ಎರಡು ಕೈಗಳ ಬಿಪಿಯಲ್ಲಿ ಹದಿನೆಂಟರ ವ್ಯತ್ಯಾಸ. ಕಟ್ಟು ಇರಲಿಲ್ಲ, ಸೋಡಾ ಕುಡಿದಿರಲಿಲ್ಲ. ಆದರೂ ನನ್ನ ಕೈ ಇಂಜೆಕ್ಷನ್ ಡಬ್ಬಿಯ ಕಡೆ ಹೋಗಲಿಲ್ಲ. ಸ್ಕ್ಯಾನ್ ಕೋಣೆಗೆ ಒಯ್ದೆ. ಚಿತ್ರ ಸರಿಯಾಗಿ ಸಿಗಲಿಲ್ಲ. ಮತ್ತೆ ನೋಡಿದೆ, ಅಡ್ಡಕ್ಕೆ ನೋಡಿದೆ, ಬಣ್ಣ ಹಾಕಿ ನೋಡಿದೆ. ನಾಳದೊಳಗೆ ಸೀಳಿನ ಗೆರೆ ಇರಲಿಲ್ಲ. ಇಂಜೆಕ್ಷನ್ ಕೊಡುವಷ್ಟರಲ್ಲಿ ಅರ್ಧ ಗಂಟೆ ಹೆಚ್ಚಿಗೆ ಹೋಗಿತ್ತು. ಅವರು ಬದುಕಿದರು. ಕೋಲಾರದಲ್ಲಿ ಆಮೇಲೆ ಮಾಡಿದ ಎಕೋದಲ್ಲಿ ಹೃದಯ ಪಂಪ್ ಮಾಡುವ ಶಕ್ತಿ ಇಳಿದಿದೆಯೆಂದು ಬಂತು. ಆ ಅರ್ಧ ಗಂಟೆಯಿಂದಲೇ ಎಂದು ಯಾರೂ ಹೇಳಲಾರರು. ಅಲ್ಲವೆಂದೂ ಹೇಳಲಾರರು. "ಮೆಟ್ಲು ಹತ್ತಿದ್ರೆ ದಮ್ಮು ಬರುತ್ತೆ ಮೇಡಂ, ಲಾರಿ ಹತ್ತೋಕೆ ಆಗ್ತಾ ಇಲ್ಲ," ಎನ್ನುತ್ತಾರೆ.

ಹೋದ ತಿಂಗಳು ಆ ಅಣ್ಣ ಆಸ್ಪತ್ರೆಗೆ ಬಂದಿದ್ದರು. ಬೆನ್ನು ಹಿಡಿದಿದೆಯೆಂದು ತಮ್ಮ ಹತ್ತಿರ ಬರುವವರಲ್ಲಿ ಯಾರನ್ನು ಮೊದಲು ನನ್ನ ಹತ್ತಿರ ಕಳಿಸಬೇಕು ಎಂದು ಕೇಳಿದರು. ಒಂದೇ ಏಟಿಗೆ ಬಂದ ನೋವು, ಬೆವರು, ಬಿಪಿ ಇರುವವರು, ಒಂದು ಕೈಯ ನಾಡಿ ಕಡಿಮೆ ಇರುವವರು ಎಂದೆ. "ಅಷ್ಟು ಜನನ್ನೂ ಕಳಿಸಿದ್ರೆ ನೀವು ನೋಡೋಕಾಗುತ್ತಾ?" ಎಂದರು. ನೋಡಲು ಆಗುವುದಿಲ್ಲ. ಹಾಗೆಂದು ಹೇಳಿದೆ.

ಆದ್ದರಿಂದ ಓದುವವರಲ್ಲಿ ಕೇಳುತ್ತಿದ್ದೇನೆ. ಎಕೋ ಇಲ್ಲದ, ಹೊಟ್ಟೆಯ ಪ್ರೋಬ್ ಒಂದೇ ಇರುವ ಕಡೆ ಕೆಲಸ ಮಾಡಿದ ವೈದ್ಯರು, ಇಸಿಜಿ ಸ್ಪಷ್ಟವಾಗಿದ್ದಾಗ ಯಾರನ್ನು ನಿಂತು ನೋಡುತ್ತೀರಿ, ಯಾರಿಗೆ ನೋಡದೆ ಇಂಜೆಕ್ಷನ್ ಕೊಡುತ್ತೀರಿ? ಎಷ್ಟು ನಿಮಿಷಕ್ಕೆ ಪ್ರೋಬ್ ಕೆಳಗಿಡುತ್ತೀರಿ? ಕಟ್ಟು ಹಾಕುವ ಮನೆಯವರು, ಎದೆಗೆ ಕಟ್ಟುವಾಗ ಎಡಪಕ್ಕ ಒಂದು ಅಂಗೈ ಬಿಟ್ಟರೆ ಕಟ್ಟು ನಿಲ್ಲುತ್ತದೆಯೇ? ಒಣಗಿದ ಹಿಟ್ಟನ್ನು ಬೇಗ ಬಿಡಿಸುವುದು ಯಾವುದು? ಗೊತ್ತಿದ್ದವರು ದಯವಿಟ್ಟು ಬರೆಯಿರಿ. ಲಾರಿ ಚಾಲಕರು ಮುಂದಿನ ವಾರ ಮತ್ತೆ ತೋರಿಸಲು ಬರುತ್ತಾರೆ. ಅವತ್ತು ಯಾಕೆ ತಡವಾಯಿತು ಎಂದು ಅವರು ಇನ್ನೂ ಕೇಳಿಲ್ಲ.